ಒಂಬತ್ತು ಹೆಸರು, ಆಮೇಲೆ ಗೊತ್ತಿಲ್ಲ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆತನದ ಹೆಸರು ಬೇಕಾದರೆ ತೆಗೆದುಕೊಳ್ಳಿ: ಯಾಂಗ್. ಅದನ್ನು ಹಿಡಿದುಕೊಂಡು ಅವರನ್ನು ಹುಡುಕಲು ಹೊರಡುವವರು ಧಾರಾಳವಾಗಿ ಹೊರಡಬಹುದು. ಚೀನಾದಲ್ಲಿ ಆ ಹೆಸರಿನವರು ಕೋಟಿಗಟ್ಟಲೆ ಇದ್ದಾರೆ, ನಾನಿರುವ ಗೋಥೆನ್‌ಬರ್ಗ್‌ನ ಆಸುಪಾಸಿನಲ್ಲೂ ಕಡಿಮೆಯಿಲ್ಲ. ಅವರ ಸ್ವಂತ ಹೆಸರು ಮಾತ್ರ ಬೇರೆ ವಿಷಯ. ಅದನ್ನೂ ಅದರ ಹಿಂದಿರುವ ಎಂಟು ಹೆಸರುಗಳನ್ನೂ ಕಾಗದದ ಮೇಲೆ ಹಾಕುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೇನೆ. ಏಕೆ ಕೊಟ್ಟೆ ಎಂಬುದೇ ಈ ಬರಹ.

ಈ ಮಾರ್ಚಿನಲ್ಲಿ ಅವರು ತೀರಿಕೊಂಡರು. ನಮ್ಮ ಲ್ಯಾಬಿನ ಗುಂಪಿಗೆ ಬಂದ ಮೆಸೇಜಿನಲ್ಲಿ ‘ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದ ಮೃದು ಸ್ವಭಾವದ ಸಹೋದ್ಯೋಗಿ’ ಎಂದು ಬರೆದಿತ್ತು. ಓದಿ ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಅವರು ಯಾರೊಂದಿಗೂ ಹೊಂದಿಕೊಂಡು ಹೋದವರಲ್ಲ. ಹೋಗಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ತಮ್ಮ ಮೇಲೆ ಇಂಥದೊಂದು ಸುಳ್ಳು ಚೀಟಿ ಅಂಟಿಸಿದ್ದನ್ನು ಕಂಡಿದ್ದರೆ ಕಿತ್ತು ಅಂಟಿಸಿದವರ ಕೈಗೇ ಕೊಡುತ್ತಿದ್ದರು.

ಮೋಲ್ನ್‌ಡಾಲ್‌ನ ಒಂದು ಸಣ್ಣ ಔಷಧ ಸಂಶೋಧನಾ ಲ್ಯಾಬಿನಲ್ಲಿ ಅವರು ಮಾದರಿಗಳ ಉಗ್ರಾಣ ನೋಡಿಕೊಳ್ಳುತ್ತಿದ್ದರು. ರಕ್ತ, ಜೀವಕೋಶ, ಅಂಗಾಂಶದ ಚೂರು, ಹೀಗೆ ಕಿರುಬೆರಳಿನಷ್ಟು ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ತುಂಬಿದ್ದೆಲ್ಲ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರುಗಳಲ್ಲಿ ಸಾಲಾಗಿ ಕೂತಿರುತ್ತದೆ. ಗಿಡ್ಡ ಹೆಂಗಸು. ಒಂದರ ಮೇಲೊಂದು ಎರಡು ಸ್ವೆಟರ್, ಬಲಗೈ ತೋಳು ಮಾತ್ರ ಮೊಣಕೈವರೆಗೆ ಮಡಚಿದ್ದು. ಹೆಗಲಿಗೆ ಬಿಸಿನೀರಿನ ಫ್ಲಾಸ್ಕ್. ಲ್ಯಾಬಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಫೀಕಾ, ಎಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತು. ಸ್ವೀಡನ್ನಿನಲ್ಲಿ ಅದು ಪೂಜೆಯಷ್ಟೇ ತಪ್ಪಿಸಬಾರದ್ದು. ಎಲ್ಲರೂ ಕಪ್ಪಗಿನ ಕಾಫಿ ಕುಡಿಯುವಾಗ ಇವರು ತಮ್ಮ ಬಿಸಿನೀರು ಹೀರುತ್ತ ಕೂರುತ್ತಿದ್ದರು. ಇಪ್ಪತ್ತು ವರ್ಷ ಸ್ವೀಡನ್ನಿನಲ್ಲಿದ್ದೂ ಕಾಫಿ ಕುಡಿಯದವರು ಎಂಬುದೇ ಅವರ ಬಗ್ಗೆ ಹೊಸಬರಿಗೆ ಹೇಳುವ ಮೊದಲ ಸುದ್ದಿಯಾಗಿತ್ತು.

ನಾನು ಮಂಗಳೂರಿನವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹೆಸರಿನ ಕೊನೆಗೊಂದು ಪಿಂಟೊ. ಈ ಲ್ಯಾಬಿಗೆ ಸೇರಿದ ಮೊದಲ ತಿಂಗಳಲ್ಲೇ ಅವರಿಂದ ನನಗೆ ಬಿಸಿ ಮುಟ್ಟಿತು.

ತಪ್ಪು ನನ್ನದೇ. ಫ್ರೀಜರಿನಿಂದ ಟ್ಯೂಬುಗಳ ಒಂದು ಸ್ಟ್ಯಾಂಡ್ ಎಳೆಯುವಾಗ ಕೈ ಜಾರಿತು, ಹನ್ನೆರಡು ಟ್ಯೂಬು ನೆಲದ ಮೇಲೆ ಉರುಳಿದವು. ಹಿಮ ಹಿಡಿದು ಒದ್ದೆಯಾಗಿ ಐದರ ಚೀಟಿಗಳು ಕಳಚಿಹೋದವು. ನಾನೇನು ದಡ್ಡಿಯೇ? ಯಾವ ಗುಳಿಯಲ್ಲಿ ಯಾವ ಟ್ಯೂಬು ಎಂಬ ಪಟ್ಟಿ ಕಂಪ್ಯೂಟರಿನಲ್ಲಿತ್ತು. ಚೀಟಿ ಉಳಿದಿದ್ದ ಏಳನ್ನು ಗುರುತಿಸಿದ ಮೇಲೆ ಉಳಿದ ಐದು ಯಾವುವೆಂದು ತಿಳಿಯಿತು. ಬಣ್ಣ ನೋಡಿದೆ, ಅಳತೆ ನೋಡಿದೆ, ಇದು ಅದು, ಅದು ಇದು ಎಂದು ಹೊಂದಿಸಿ ಹೊಸ ಚೀಟಿ ಬರೆದು ಅಂಟಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಆದದ್ದನ್ನು ನಾನೇ ಹೋಗಿ ಅವರಿಗೆ ಹೇಳಿದೆ, ಶಹಬ್ಬಾಸ್ ಎನ್ನುತ್ತಾರೆಂಬ ಆಸೆಯಿಂದ.

ಅವರು ಒಂದು ಟ್ಯೂಬು ಎತ್ತಿ ಬೆಳಕಿಗೆ ಹಿಡಿದರು.

“ಇದು ಮೂವತ್ತನಾಲ್ಕನೇದು ಅಂತ ನಿನಗೆ ಹೇಗೆ ಗೊತ್ತು?”

ಲೆಕ್ಕಾಚಾರವನ್ನೆಲ್ಲ ವಿವರಿಸಿ, ಕೊನೆಗೆ, ಹಾಗಾಗಿ ಇದು ಮೂವತ್ತನಾಲ್ಕೇ ಇರಬೇಕು ಎಂದೆ.

“ಇರಬೇಕು,” ಎಂದರು ಅವರು. ಅಷ್ಟೇ. ಐದೂ ಚೀಟಿಗಳನ್ನು ಉಗುರಿನಿಂದ ಕಿತ್ತರು. ಫ್ರೀಜರಿನ ಕೆಳಗಿನ ಅರೆಯಲ್ಲಿ ಹಳದಿ ಮುಚ್ಚಳದ ಒಂದು ಡಬ್ಬಿಯಿತ್ತು, ಅದರ ಮೇಲೆ ‘ಊಶೆಂಡ್’ ಎಂದು ಅವರದೇ ಅಕ್ಷರ. ಸ್ವೀಡಿಷ್‌ನಲ್ಲಿ ಹಾಗೆಂದರೆ ಗೊತ್ತಿಲ್ಲದ್ದು. ಐದೂ ಟ್ಯೂಬುಗಳು ಅದರೊಳಗೆ ಹೋದವು. ಮೂರು ವಾರದ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ನಮ್ಮ ಮುಖ್ಯಸ್ಥರು ಬಹಳ ಒಳ್ಳೆಯ ಮನುಷ್ಯ. ಇಲ್ಲಿನ ಪದ್ಧತಿಯಂತೆ ಎಲ್ಲರನ್ನೂ ಕೂರಿಸಿ, ಎಲ್ಲರ ಅಭಿಪ್ರಾಯ ಕೇಳಿ, ಎಲ್ಲರೂ ಒಪ್ಪುವ ಒಂದು ದಾರಿ ಹುಡುಕೋಣ ಎಂದರು. ಒಂದು ಮೀಟಿಂಗ್ ಆಯಿತು, ಅದರ ಮೇಲೆ ಇನ್ನೊಂದು ಆಯಿತು. ಎಂಟು ಜನರಲ್ಲಿ ಏಳು ಜನಕ್ಕೆ ನನ್ನ ಲೆಕ್ಕಾಚಾರ ಸರಿ ಎನ್ನಿಸಿತು. ಇವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಿದ್ದರು. ತಮ್ಮ ಸರದಿ ಬಂದಾಗ, ಟ್ಯೂಬಿನೊಳಗೆ ಏನಿದೆ ಎಂಬುದನ್ನು ಕೈ ಎತ್ತಿಸಿ ತೀರ್ಮಾನಿಸಲು ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಎದ್ದು ಹೋದರು. ಆ ದಿನ ಅವರ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಮೂರು ವಾರ ಅವರ ಮುಖ ನೋಡಿ ಮಾತಾಡಲಿಲ್ಲ. ಅವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ.

ರಾಜಿ ಮಾಡಿಸಿದ್ದು ನೀರ್‌ದೋಸೆ. ಡಬ್ಬಿಯಲ್ಲಿ ತಂದದ್ದನ್ನು ಒಂದು ದಿನ ಕೇಳದೆಯೇ ಅವರ ತಟ್ಟೆಗೂ ಹಾಕಿದೆ. ಬ್ಯಾಗಿನಿಂದ ಮೆಣಸಿನ ಎಣ್ಣೆಯ ಪುಟ್ಟ ಬಾಟಲಿ ತೆಗೆದು, ದೋಸೆಯ ಮೇಲೆ ಸುರಿದುಕೊಂಡು, ಆರು ತಿಂದರು. ತಮ್ಮೂರಿನಲ್ಲೂ ಅಕ್ಕಿಯೇ, ಗೋಧಿ ತಿನ್ನುವ ಉತ್ತರದವರ ಮಾತಿಗೆ ಕಿವಿಗೊಡಬೇಡ ಎಂದರು. ಚೀನಾ ಎಂದರೆ ಒಂದೇ ಎಂದುಕೊಂಡಿದ್ದ ನನಗೆ ಅದು ಮೊದಲ ಪಾಠ.

ಎರಡನೆಯ ಪಾಠ ಮನೆತನದ ಹೆಸರಿನದು. ಮೇಲಿನ ಮಹಡಿಯಲ್ಲಿ ಇನ್ನೊಬ್ಬ ಯಾಂಗ್ ಇದ್ದಾರಲ್ಲ, ನಿಮ್ಮ ಸಂಬಂಧಿಕರೇ ಎಂದು ನಾನು ಒಮ್ಮೆ ಫೀಕಾದಲ್ಲಿ ಕೇಳಿಬಿಟ್ಟೆ. ಅವರು ನನ್ನ ತಟ್ಟೆಯಲ್ಲಿದ್ದ ದಾಲ್ಚಿನ್ನಿ ಬನ್ನನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದರ ಮೇಲೆ ಅಂಟಿರುವ ಬಿಳಿ ಸಕ್ಕರೆ ಹರಳುಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಆಚೆ ಅಂಚಿನಲ್ಲಿ ಗುಡ್ಡೆ ಹಾಕಿದರು. ಅದು ಚೀನಾದ ಉತ್ತರ ಭಾಗ. ಅಲ್ಲೊಂದು ಪುಟ್ಟ ರಾಜ್ಯವಿತ್ತಂತೆ, ಅದರ ಹೆಸರು ಯಾಂಗ್. ಪಕ್ಕದ ದೊಡ್ಡ ರಾಜ್ಯ ಅದನ್ನು ನುಂಗಿತು. ನೆಲ ಕಳೆದುಕೊಂಡವರು ಅದರ ಹೆಸರನ್ನಾದರೂ ಉಳಿಸಿಕೊಳ್ಳೋಣವೆಂದು ತಮಗಿಟ್ಟುಕೊಂಡರು. ಆಮೇಲೆ ಉತ್ತರದಲ್ಲಿ ಯುದ್ಧದ ಮೇಲೆ ಯುದ್ಧ. ಜನ ಹೊಳೆ ದಾಟಿ ದಕ್ಷಿಣಕ್ಕೆ ಓಡಿದರು. ಅವರ ಬೆರಳು ಒಂದು ಹಿಡಿ ಹರಳುಗಳನ್ನು ಮೇಜಿನ ನಡುವಿಗೆ ತಳ್ಳಿತು.

ಗಡಿ ಕಾಯಲೆಂದು ಬೆಟ್ಟಗಳಿಗೆ ಹೋದ ಸೈನಿಕರಲ್ಲಿ ಯಾಂಗ್‌ಗಳಿದ್ದರು. ಹೋದವರು ಹಿಂದಿರುಗಲಿಲ್ಲ, ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಅಲ್ಲಿಯವರೇ ಆದರು. ಇನ್ನೂ ಕೆಲವು ಹರಳು ಮುಂದೆ ಸರಿದವು. ವ್ಯಾಪಾರಕ್ಕೆ ಹೋದವರು, ಮನೆ ಅಳಿಯನಾಗಿ ಹೋದವರು, ಸಾಕುಮಗನಾಗಿ ಹೋದವರು. ಅಲ್ಲಿಯವರೆಗೆ ಎಲ್ಲ ಸರಿ, ಮನುಷ್ಯ ನಡೆದ, ಅವನ ಜೊತೆ ಹೆಸರೂ ನಡೆಯಿತು. ಮುಂದಿನದು ಹಾಗಲ್ಲ ಎಂದರು. ಬೆಟ್ಟದ ಕಡೆಯ ನಾಯಕರಿಗೆ ಅವರದೇ ಭಾಷೆ, ಅವರದೇ ದೈವ. ಆದರೆ ದೂರದ ದರ್ಬಾರಿನೊಂದಿಗೆ ವ್ಯವಹರಿಸಲು ಒಂದು ಉತ್ತರದ ಹೆಸರಿದ್ದರೆ ಅನುಕೂಲ. ಹೆಸರು ಬಂದ ಮೇಲೆ ಅದಕ್ಕೊಬ್ಬ ಉತ್ತರದ ಪೂರ್ವಜನೂ ಬೇಕಾದ, ಬರೆಯುವವರು ಅವನನ್ನೂ ಹುಡುಕಿಕೊಟ್ಟರು. ನಾಯಕನ ಹೆಸರು ಪ್ರಜೆಗಳಿಗೆ ಬಂತು, ಒಡೆಯನ ಹೆಸರು ಒಕ್ಕಲಿಗೆ ಬಂತು. ಡೊಂಗ್, ಬೈ, ಯೀ, ತುಜಿಯಾ, ಮಿಯಾವೊ, ಹೀಗೆ ಎಷ್ಟೋ ಜನಾಂಗಗಳಲ್ಲಿ ಯಾಂಗ್‌ಗಳಿದ್ದಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ, ಆದರೂ ಎಲ್ಲರ ಮನೆ ಬಾಗಿಲಿಗೂ ಒಂದೇ ಬೋರ್ಡು.

ಕೊನೆಗೆ ಅವರು ಬನ್ನಿನೊಳಗಿಂದ ಏಲಕ್ಕಿಯ ಒಂದು ಕರಿ ಕಾಳು ಹೆಕ್ಕಿ ಮೇಜಿನ ಈಚೆ ಅಂಚಿಗೆ, ಎಲ್ಲ ಸಕ್ಕರೆಯಿಂದ ದೂರ, ಇಟ್ಟರು.

“ಇದು ನಮ್ಮ ಮನೆ. ಇದು ಎಲ್ಲಿಂದಲೂ ಬಂದದ್ದಲ್ಲ, ಇಲ್ಲೇ ಇತ್ತು. ಹೆಸರು ಬಂತು.”

ಹೇಳಿ ಆ ಕಾಳನ್ನು ಬಾಯಿಗೆ ಹಾಕಿಕೊಂಡರು. ಸಕ್ಕರೆ ಕಿತ್ತ ಬನ್ನು ನನಗೆ ವಾಪಸ್ ಬಂತು.

ಅವರು ಗುಯಿಝೌ ಪ್ರಾಂತದ ಬೆಟ್ಟದೂರಿನ ಮಿಯಾವೊ ಜನಾಂಗದವರು. ಅವರಲ್ಲಿ ಹಿಂದೆ ಮನೆತನದ ಹೆಸರೆಂಬುದೇ ಇರಲಿಲ್ಲ. ಮಗುವಿನ ಹೆಸರಿಗೆ ಅಪ್ಪನ ಹೆಸರು, ಅಪ್ಪನದಕ್ಕೆ ಅಜ್ಜನದು, ಹೀಗೆ ಹಿಂದಕ್ಕೆ ಪೋಣಿಸಿಕೊಂಡು ಹೋಗುವುದು. ನಮ್ಮ ಘಟ್ಟದ ಮೇಲಿನ ಸ್ನೇಹಿತರು ಹೆಸರಿನ ಪಕ್ಕ ಅಪ್ಪನ ಹೆಸರು ಇಟ್ಟುಕೊಂಡು ಇಲ್ಲಿಯ ಕಚೇರಿಗಳಲ್ಲಿ ಒದ್ದಾಡುವುದನ್ನು ನಾನು ಹೇಳಿದಾಗ ಅವರಿಗೆ ಬಹಳ ಖುಷಿಯಾಯಿತು. ಇವರ ಮುತ್ತಜ್ಜನ ಊರಿಗೆ ಜನರ ಪಟ್ಟಿ ಬರೆಯಲು ಒಬ್ಬ ಗುಮಾಸ್ತ ಬಂದನಂತೆ. ಹೆಸರೇನು ಎಂದು ಕೇಳಿದ. ಮುತ್ತಜ್ಜ ಎದ್ದು ನಿಂತು ತನ್ನದು, ಅಪ್ಪನದು, ಅಜ್ಜನದು ಎಂದು ಆರು ಹೆಸರು ಒಂದೇ ಉಸಿರಿಗೆ ಹೇಳಿದ. ಗುಮಾಸ್ತನ ಪುಸ್ತಕದಲ್ಲಿ ಮನೆತನಕ್ಕೆಂದು ಇದ್ದದ್ದು ಒಂದೇ ಅಕ್ಷರದ ಜಾಗ. ಇದರಲ್ಲಿ ಯಾವುದು ಎಂದು ಕೇಳಿದ, ಯಾವುದೂ ಅಲ್ಲ ಎಂದು ಉತ್ತರ ಬಂತು. ಕಣಿವೆಯ ಒಡೆಯ ಯಾಂಗ್, ಆದ್ದರಿಂದ ಇವನೂ ಯಾಂಗ್ ಎಂದು ಬರೆದು ಮುಗಿಸಿದ. ಹೆಸರು ಬರೆದವನಿಗೆ ಕೋಳಿ ಕೊಡುವುದು ರೂಢಿ. ಮನೆಯಿಂದ ಒಂದು ಕೋಳಿ ಹೋಯಿತು, ಒಂದು ಹೆಸರು ಬಂತು.

ನಮ್ಮ ಪಿಂಟೊ ಕೂಡ ಹಾಗೇ ಬಂದದ್ದು ಎಂದೆ ನಾನು. ಗೋವೆಯಲ್ಲಿ ಜ್ಞಾನಸ್ನಾನ ಕೊಟ್ಟ ಪಾದ್ರಿಯದೋ, ಎದುರು ನಿಂತ ಪೋರ್ಚುಗೀಸ್ ಧರ್ಮಪಿತನದೋ ಹೆಸರು ಹಿರಿಯರಿಗೆ ಅಂಟಿತು. ಹಾಗಾದರೆ ನಿನ್ನ ಗುಮಾಸ್ತ ತಲೆಗೆ ನೀರು ಹಾಕಿ ಬರೆದುಕೊಂಡ ಎಂದು ನಕ್ಕರು. ಅದಕ್ಕೂ ಮೊದಲು ನೀವು ಯಾರು ಎಂದು ಕೇಳಿದರು. ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ್ದನ್ನೇ ನಾನು ಹೇಳಿದೆ: ಮೂಲದಲ್ಲಿ ನಾವು ಬ್ರಾಹ್ಮಣರು.

“ಹೇಗೆ ಗೊತ್ತು?”

ಎಲ್ಲರೂ ಹೇಳುತ್ತಾರೆ ಎಂದೆ. ಯಾರು ನೋಡಿದ್ದು, ಯಾರು ಬರೆದಿಟ್ಟದ್ದು ಎಂದು ಅವರು ಬಿಡದೆ ಕೇಳಿದರು. ನನಗೆ ನಿಜವಾಗಿ ಗೊತ್ತಿದ್ದದ್ದು ಅಪ್ಪ, ಅಜ್ಜ, ಮುತ್ತಜ್ಜ ಮಾತ್ರ. ಆ ಮುತ್ತಜ್ಜ ಮಂಗಳೂರಿನ ಧಕ್ಕೆಯಲ್ಲಿ ದೋಣಿಯಿಂದ ಉಪ್ಪಿನ ಮೂಟೆ ಇಳಿಸುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಅದಕ್ಕಿಂತ ಹಿಂದಿನದು ಬ್ರಾಹ್ಮಣರೇ ಇರಬೇಕು ಎಂದೆ. ಆ ‘ಇರಬೇಕು’ ಬಾಯಿಂದ ಬಿದ್ದದ್ದೇ ತಡ, ಅವರು ಫ್ರೀಜರ್ ಕೋಣೆಯ ಕಡೆಗೆ ಕಣ್ಣು ಹಾಯಿಸಿದರು.

ಆ ಹಳದಿ ಡಬ್ಬಿ ಅವರ ಸ್ವಂತ ಬದುಕಿಗೂ ಬಂದದ್ದು ಅದಾದ ಎರಡು ವರ್ಷಕ್ಕೆ. ಈ ಸೀಮೆಯ ಯಾಂಗ್ ಮನೆತನದವರದ್ದೊಂದು ಪುಟ್ಟ ಸಂಘವಿತ್ತು. ಅದರ ಅಧ್ಯಕ್ಷರು ಒಬ್ಬ ಹೋಟೆಲಿನ ಯಜಮಾನರು, ಎಪ್ಪತ್ತರ ಹತ್ತಿರದವರು, ಚೀನಾದ ಬಹುಸಂಖ್ಯಾತ ಹಾನ್ ಜನಾಂಗದವರು, ನಗುಮುಖ. ಚೀನಾದಲ್ಲಿ ಹೊಸದಾಗಿ ದೊಡ್ಡ ವಂಶಾವಳಿ ಪುಸ್ತಕ ತಯಾರಾಗುತ್ತಿದೆ, ವಿದೇಶದಲ್ಲಿರುವವರನ್ನೂ ಸೇರಿಸಿಕೊಳ್ಳುತ್ತಾರೆ, ಬಂದು ನೋಡಿ ಎಂದು ಇವರನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ನನಗೊಬ್ಬ ಸಾಕ್ಷಿ ಬೇಕು ಎಂದು ಇವರು ನನ್ನನ್ನೂ ಎಳೆದುಕೊಂಡು ಹೋದರು. ನನಗೂ ತಿಳಿಯಲಿ ಎಂದು ಅಧ್ಯಕ್ಷರು ಸ್ವೀಡಿಷ್‌ನಲ್ಲೇ ಮಾತಾಡಿದರು.

ಕೆಂಪು ಬಟ್ಟೆಯ ರಟ್ಟಿನ ಕರಡು ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿದರು. ಮೇಲೆ ಉತ್ತರದ ಒಬ್ಬ ಸೇನಾಪತಿ, ಅವನಿಂದ ಕೆಳಗೆ ಗೆರೆಗಳು, ಗೆರೆಗಳ ತುದಿಗೆ ಹೆಸರುಗಳು. ಒಂದು ಮೂಲೆಯಲ್ಲಿ ಇವರ ಊರು. ಸೇನಾಪತಿಯಿಂದ ಇವರ ಮುತ್ತಜ್ಜನವರೆಗೆ ಹದಿನಾರು ತಲೆಮಾರು ತುಂಬಿಸಿಟ್ಟಿದ್ದರು. ಮೊದಲಾಗಿದ್ದರೆ ಹೆಣ್ಣುಮಕ್ಕಳನ್ನು ಬರೆಯುತ್ತಿರಲಿಲ್ಲ, ಈಗ ನಿಮ್ಮ ಹೆಸರೂ ಇದೆ ನೋಡಿ ಎಂದು ಪ್ರೀತಿಯಿಂದಲೇ ತೋರಿಸಿದರು. ಒಂದು ಶಾಖೆ ಸೇರಬೇಕಾದರೆ ಆ ಮನೆಯ ಬದುಕಿರುವ ಮಕ್ಕಳೆಲ್ಲ ಸಹಿ ಹಾಕಬೇಕು. ಊರಿನಲ್ಲಿದ್ದ ಇವರ ತಮ್ಮನ ಸಹಿ ಆಗಲೇ ಬಂದಿತ್ತು. ಅಕ್ಕನದೊಂದು ಬಾಕಿ.

ಇವರು ಕನ್ನಡಕ ಹಾಕಿಕೊಂಡು ಓದಿದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿದ್ದದ್ದು ಅವರ ತಂದೆ, ಆದರೆ ತಂದೆಯ ಹೆಸರಲ್ಲ. ಒಂದು ತಲೆಮಾರಿನವರ ಹೆಸರುಗಳಲ್ಲೆಲ್ಲ ಒಂದೇ ಅಕ್ಷರ ಇರಬೇಕೆಂಬ ಹಾನ್ ಮನೆತನಗಳ ನಿಯಮಕ್ಕೆ ಹೊಂದುವಂತೆ ಅವರಿಗೂ ಅಜ್ಜನಿಗೂ ಮುತ್ತಜ್ಜನಿಗೂ ಹೊಸ ಹೆಸರು ಇಟ್ಟಿದ್ದರು. ಮುತ್ತಜ್ಜನ ಹಿಂದಿನ ಐವರಂತೂ ಇರಲೇ ಇಲ್ಲ, ಅವರ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

ಇವರು ಎದ್ದು ನಿಂತರು. ಸುತ್ತ ಜನ ಊಟ ಮಾಡುತ್ತಿದ್ದರು, ತಟ್ಟೆ ಹಿಡಿದು ಬಫೆಯ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಇವರು ಕೈಕಟ್ಟಿ, ತಮ್ಮ ಹೆಸರಿನಿಂದ ಶುರುಮಾಡಿ, ತಂದೆಯದು, ಅಜ್ಜನದು, ಒಂದರ ಹಿಂದೊಂದು ಒಂಬತ್ತು ಹೆಸರು ಹೇಳಿದರು. ಆ ಭಾಷೆ ನಾನು ಅದುವರೆಗೆ ಕೇಳಿರಲಿಲ್ಲ. ಹೇಳಿ ಮುಗಿಸಿ ಕೂತರು. ಈ ಒಂಬತ್ತು ಬರೆಯಿರಿ ಎಂದರು. ನಾಲ್ಕನೆಯವನ ಪಕ್ಕದಲ್ಲಿ, ಯಾಂಗ್ ಎಂಬ ಹೆಸರು ಇಲ್ಲಿ ಬಂದು ಸೇರಿತು ಎಂದು ಬರೆಯಿರಿ. ಒಂಬತ್ತನೆಯವನ ಮೇಲೆ ಗೊತ್ತಿಲ್ಲ ಎಂದು ಬರೆಯಿರಿ. ಈಗಲೇ ಸಹಿ ಹಾಕುತ್ತೇನೆ.

ಅಧ್ಯಕ್ಷರು ಕೆಟ್ಟವರಲ್ಲ. ಸಮಾಧಾನವಾಗಿ, ಎಲ್ಲರ ಪುಸ್ತಕದಲ್ಲೂ ಇಂಥ ಕೆಲವು ಬೆಸುಗೆ ಇರುತ್ತದೆ ಎಂದರು, ನಮ್ಮದರಲ್ಲೂ ಇದೆ ಎಂದು ದನಿ ತಗ್ಗಿಸಿ ಒಪ್ಪಿಕೊಂಡರು. ಮರ ಎಂದ ಮೇಲೆ ಎಲ್ಲ ಕೊಂಬೆಗಳೂ ಒಂದೇ ಬುಡಕ್ಕೆ ಬರಬೇಕಲ್ಲ, ಯಾರಿಗೇನು ನಷ್ಟ? ಗೊತ್ತಿಲ್ಲ ಎಂದು ಬರೆದ ಶಾಖೆಯನ್ನು ಊರಿನವರು ಸೇರಿಸುವುದಿಲ್ಲ, ನಿಮ್ಮ ತಂದೆಯ ಹೆಸರೇ ಬಿಟ್ಟುಹೋಗುತ್ತದೆ ಎಂದರು.

“ಯಾಂಗ್ ನನ್ನದೇ. ಮುತ್ತಜ್ಜ ಕೋಳಿ ಕೊಟ್ಟು ತಂದದ್ದು, ಯಾರಿಗೂ ವಾಪಸ್ ಕೊಡುವುದಿಲ್ಲ,” ಎಂದರು ಇವರು. “ಆದರೆ ಅದು ಎಲ್ಲಿಂದ ಬಂತು ಅಂತ ಸುಳ್ಳು ಹೇಳಿ, ನಮ್ಮಪ್ಪನನ್ನು ನಿಮ್ಮ ಮರಕ್ಕೆ ಕಟ್ಟುವುದಿಲ್ಲ. ಬಿಟ್ಟುಬಿಡಿ.”

ಪುಸ್ತಕ ಮುಚ್ಚಿತು. ಊಟ ಮಾತ್ರ ಪೂರ್ತಿ ಮಾಡಿದರು, ಬಾತುಕೋಳಿಯನ್ನು ಎರಡನೆಯ ಸಲವೂ ಬಡಿಸಿಕೊಂಡರು.

ಇದನ್ನು ಓದಿ ಇವರು ಕಲ್ಲು ಎಂದುಕೊಳ್ಳಬೇಡಿ. ಮರುದಿನ ಫ್ರೀಜರ್ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ಫ್ಲಾಸ್ಕ್ ತೆರೆದಿರಲಿಲ್ಲ. ಊರಿನಿಂದ ತಮ್ಮ ಫೋನು ಮಾಡಿದ್ದನಂತೆ. ಪಟ್ಟಣದಲ್ಲಿ ಓದುತ್ತಿರುವ ಅವನ ಮಕ್ಕಳನ್ನು ಬೆಟ್ಟದವರೆಂದು ಹೀಗಳೆಯುತ್ತಾರೆ. ಪುಸ್ತಕದಲ್ಲಿ ಸೇನಾಪತಿಯ ವಂಶ ಎಂದಿದ್ದರೆ ಅವರು ತಲೆಯೆತ್ತಿ ನಡೆಯುತ್ತಿದ್ದರು. ನೀನು ಸ್ವೀಡನ್ನಿನಲ್ಲಿ ಕೂತು ನಿನ್ನ ಹಟ ಸಾಧಿಸಿದೆ, ಅಪ್ಪನ ಹೆಸರು ಅಳಿಸಿದವಳು ನೀನು ಎಂದು ಹೇಳಿ ಫೋನ್ ಇಟ್ಟುಬಿಟ್ಟ. ಅವನ ಮಾತಿನಲ್ಲಿ ಅರ್ಧ ನಿಜ ಇದೆ, ಅದೇ ಕಷ್ಟ ಎಂದರು ಅವರು. ಅಳುತ್ತಿದ್ದರು. ನಾನು ಅವರ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, ಇವತ್ತು ಬರಬೇಕಾದ ಮಾದರಿಗಳು ಬಂದವೇ ಎಂದು ಕೇಳಿದರು.

ಆ ತಮ್ಮ ಆರು ವರ್ಷ ಅಕ್ಕನೊಂದಿಗೆ ಮಾತಾಡಲಿಲ್ಲ. ಇವರು ಪ್ರತಿ ಹೊಸವರ್ಷಕ್ಕೆ ಅವನಿಗೆ ಮೆಸೇಜು ಕಳಿಸುತ್ತಿದ್ದರು, ಉತ್ತರ ಬರುತ್ತಿರಲಿಲ್ಲ. ಸಹಿ ಹಾಕಿಬಿಡಬಾರದೇ, ಒಂದು ಕಾಗದ ತಾನೇ ಎಂದು ಒಮ್ಮೆ ನಾನೇ ಹೇಳಿದ್ದೆ. ಐದು ಟ್ಯೂಬಿಗೆ ಮೂರು ವಾರ ಕಳೆದವಳು ನೀನು, ನೀನೇ ಹೀಗೆ ಹೇಳಿದರೆ ಹೇಗೆ ಎಂದರು.

ನಿವೃತ್ತಿಯಾದ ವರ್ಷವೇ ಕಾಯಿಲೆ ಕಾಣಿಸಿಕೊಂಡಿತು. ಮಕ್ಕಳಿಲ್ಲ, ಗಂಡನಿಂದ ಎಂದೋ ಬೇರೆಯಾಗಿದ್ದರು. ಗುರುವಾರಗಳಂದು ನೀರ್‌ದೋಸೆ ಕಟ್ಟಿಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಆರು ತಿನ್ನುತ್ತಿದ್ದವರು ಎರಡಕ್ಕೆ ಇಳಿದರು, ಆಮೇಲೆ ಅರ್ಧಕ್ಕೆ. ಒಂದು ಗುರುವಾರ, ಆ ಒಂಬತ್ತು ಹೆಸರು ಕಲಿ ಎಂದರು. ಬರೆದುಕೊಳ್ಳಲು ಪೆನ್ನು ತೆಗೆದೆ. ಪೆನ್ನು ಕಿತ್ತಿಟ್ಟರು. ಕಾಗದದ ಸಹವಾಸ ಸಾಕು, ಇವತ್ತು ಬರೆದರೆ ನಾಳೆ ಯಾರಾದರೂ ಅದರ ಮುಂದೆ ಒಬ್ಬ ಸೇನಾಪತಿಯನ್ನು ತಂದು ಕೂರಿಸುತ್ತಾರೆ, ಬಾಯಲ್ಲಿರಲಿ ಎಂದರು. ಹೆಣ್ಣುಮಕ್ಕಳೂ ಇದನ್ನು ಹೇಳುತ್ತಾರೆಯೇ ಎಂದು ಕೇಳಿದೆ. ಹೇಳಬಾರದು ಅಂತ ಯಾರೂ ಹೇಳಿಲ್ಲ, ಹೇಳುತ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ, ಅಷ್ಟೇ.

ಕಲಿಯಲು ಆ ಚಳಿಗಾಲ ಪೂರ್ತಿ ಬೇಕಾಯಿತು. ಅವರ ಭಾಷೆಯಲ್ಲಿ ದನಿ ಏರಿದರೆ ಒಂದು, ಇಳಿದರೆ ಇನ್ನೊಂದು. ಬಸ್ಸಿನಲ್ಲಿ ಕೂತು ಗೊಣಗುತ್ತಿದ್ದೆ, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದದ್ದೂ ಇದೆ. ಆರನೆಯ ಹೆಸರು ನನಗೆ ಕೊನೆಯವರೆಗೂ ಹತ್ತಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದವರು ಕಣ್ಣು ತೆರೆಯದೆಯೇ, ತಪ್ಪು, ಮತ್ತೆ ಹೇಳು ಎನ್ನುತ್ತಿದ್ದರು. ಅವರಿಂದ ನಾನು ಕೇಳಿದ ಕೊನೆಯ ಮಾತೂ ಅದೇ.

ಇಲ್ಲಿ ಸಾವಿಗೂ ಅಂತ್ಯಕ್ರಿಯೆಗೂ ನಡುವೆ ವಾರಗಳೇ ಕಳೆಯುತ್ತವೆ. ಏಪ್ರಿಲಿನ ಒಂದು ಬೆಳಿಗ್ಗೆ ಸ್ಮಶಾನದ ಸಣ್ಣ ಪ್ರಾರ್ಥನಾ ಮಂದಿರದಲ್ಲಿ ಹದಿನೈದು ಜನ ಸೇರಿದೆವು. ಅಧ್ಯಕ್ಷರು ಬಿಳಿ ಹೂವಿನ ದೊಡ್ಡ ಹಾರ ತಂದಿದ್ದರು. ಅದಕ್ಕಿಂತ ಹೆಚ್ಚಾಗಿ, ಊರಿನಲ್ಲಿರುವ ತಮ್ಮನನ್ನು ಹುಡುಕಿ ಮಾತಾಡಿಸಿದ್ದರು. ಮೊದಲ ಸಾಲಿನಲ್ಲಿ ಕೂತು ಫೋನನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದಿದ್ದರು. ಪರದೆಯಲ್ಲಿ ನರೆಗೂದಲಿನ ಒಬ್ಬ ಮನುಷ್ಯ, ಮುಖ ಸಿಂಡರಿಸಿಕೊಂಡು ಕೂತಿದ್ದ.

ನನ್ನ ಸರದಿ ಬಂತು. ಶವಪೆಟ್ಟಿಗೆಯ ಪಕ್ಕ ಕೈಕಟ್ಟಿ ನಿಂತೆ. ಅವರ ಹೆಸರು, ಅವರ ತಂದೆಯದು, ಅಜ್ಜನದು, ಕೋಳಿ ಕೊಟ್ಟ ಮುತ್ತಜ್ಜನದು, ಐದನೆಯದು. ಆರನೆಯದಕ್ಕೆ ನಾಲಿಗೆ ತಡವರಿಸಿತು. ಎರಡು ಸಲ ಹೇಳಿದೆ, ಎರಡೂ ಸಲ ತಪ್ಪಿದೆನೆಂದು ನನಗೇ ಗೊತ್ತಾಯಿತು. ಆಗ ಫೋನಿನೊಳಗಿಂದ, ಸ್ವಲ್ಪ ಗದರಿದಂತೆ, ಆ ಹೆಸರು ಬಂತು. ಸರಿಯಾದ ಏರಿಳಿತದಲ್ಲಿ. ನಾನು ಅದನ್ನೇ ಮತ್ತೆ ಹೇಳಿದೆ. ಏಳನೆಯದನ್ನು ನಾವಿಬ್ಬರೂ ಒಟ್ಟಿಗೆ ಹೇಳಿದೆವು, ಎಂಟನೆಯದನ್ನೂ ಒಂಬತ್ತನೆಯದನ್ನೂ ಕೂಡ. ಆ ಹೆಸರುಗಳನ್ನು ಸಹಿ ಹಾಕಿ ಬಿಟ್ಟುಕೊಟ್ಟಿದ್ದವನು ಒಂದನ್ನೂ ಮರೆತಿರಲಿಲ್ಲ. ಒಂಬತ್ತಾದ ಮೇಲೆ ಇಬ್ಬರೂ ನಿಲ್ಲಿಸಿದೆವು. ಅಧ್ಯಕ್ಷರು ಫೋನು ಹಿಡಿದ ಕೈಗಳನ್ನು ಇಳಿಸಲಿಲ್ಲ, ಅವರ ಕೆನ್ನೆ ಒದ್ದೆಯಾಗಿತ್ತು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆಪಡಲಿಲ್ಲ.

ಮೇ ತಿಂಗಳಲ್ಲಿ ಮಂಗಳೂರಿನಿಂದ ಅಣ್ಣ ಒಂದು ಕರಡು ಕಳಿಸಿದ. ನಮ್ಮ ಚರ್ಚಿನ ಹಬ್ಬಕ್ಕೆ ಸ್ಮರಣ ಸಂಚಿಕೆ ಬರುತ್ತಿದೆ, ಪ್ರತಿ ಮನೆಗೆ ಒಂದು ಪುಟ, ಪುಟಕ್ಕೊಂದು ವಂಶವೃಕ್ಷ. ಅಣ್ಣನೇ ಅದರ ಉಸ್ತುವಾರಿ. ನಮ್ಮ ಪುಟ ಗೋವೆಯ ಒಬ್ಬ ಬ್ರಾಹ್ಮಣನಿಂದ ಶುರುವಾಗಿ, ಗೆರೆಗಳು ಇಳಿದು, ನನ್ನವರೆಗೆ ಬಂದಿತ್ತು. ನಾನು ಮೇಲಿನದನ್ನೆಲ್ಲ ಹೊಡೆದುಹಾಕಿದೆ. ನಾಲ್ಕು ಹೆಸರು ಉಳಿಸಿದೆ, ನಾಲ್ಕನೆಯದರ ಪಕ್ಕ ‘ಧಕ್ಕೆಯಲ್ಲಿ ಉಪ್ಪು ಹೊರುತ್ತಿದ್ದರು’ ಎಂದು ಸೇರಿಸಿದೆ, ಅದರ ಮೇಲೆ ‘ಗೊತ್ತಿಲ್ಲ’ ಎಂದು ಬರೆದು ವಾಪಸ್ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು ಬಂತು.

“ಎಂತ ಮಾರಾಯ್ತಿ ಇದು? ಎಲ್ಲರ ಮನೆದೂ ಗೋವೆಯಿಂದ ಶುರು ಆಗ್ತದೆ. ನಮ್ಮದು ಮಾತ್ರ ಉಪ್ಪಿನ ಮೂಟೆಯಿಂದ ಶುರು ಆಗುದಾ?”

“ಹೌದು.”

“ಅದಕ್ಕಿಂತ ಮೊದಲು ಯಾರು ಅಂತ ಜನ ಕೇಳಿದ್ರೆ ಎಂತ ಹೇಳುದು?”

“ಗೊತ್ತಿಲ್ಲ ಅಂತ ಹೇಳು.”

ಹಾಗಾದರೆ ನಮ್ಮ ಮನೆಯ ಪುಟವನ್ನೇ ಬಿಟ್ಟುಬಿಡುತ್ತೇನೆ, ಊರಿಗೆ ಬಂದಾಗ ನೀನೇ ಎಲ್ಲರಿಗೂ ಉತ್ತರ ಕೊಡು ಎಂದು ಅವನು ರೇಗಿದ. ಬಿಡು ಎಂದೆ. ಆಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ಎದ್ದು ನಿಂತು, ಫೋನನ್ನು ಕಿವಿಗೆ ಹಿಡಿದುಕೊಂಡೇ, ನನ್ನ ಹೆಸರಿನಿಂದ ಶುರುಮಾಡಿದೆ. ಅಪ್ಪನದು. ಅಜ್ಜನದು. ಉಪ್ಪು ಹೊತ್ತವರದು. ಪಿಂಟೊ ಹಚ್ಚದೆ, ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ, ನಾಲ್ಕೂ ಹೆಸರು ಹೇಳಿ ನಿಲ್ಲಿಸಿದೆ.

ಆ ಕಡೆ ಅಣ್ಣ ಇನ್ನೂ ಫೋನ್ ಇಟ್ಟಿರಲಿಲ್ಲ.